ಕೊನೆಯ ಕೋಣೆಯ ಕೆಮ್ಮು

ನೀನು ಬಾ ಅಂದ ದಿನ ಬರ್ತೀನಿ, ಯಾಕೆ ಅಂತ ಒಂದು ಮಾತೂ ಕೇಳಲ್ಲ, ನಿನ್ನಾಣೆ — ಈ ಸಂಗೀತ ಶಾಲೆಯ ಕಾರಿಡಾರಿನ ಆ ತುದಿಯಲ್ಲೇ ಅಲ್ಲವೇ ಅವಳು ಮಗಳಿಗೆ ಹಾಗೆ ಮಾತು ಕೊಟ್ಟದ್ದು, ಆಗ ಮಿಡತೆಗೆ ಒಂಬತ್ತು ವರ್ಷ, ಪಿಟೀಲಿನ ಪೆಟ್ಟಿಗೆ ತಬ್ಬಿಕೊಂಡು ನಿಂತರೆ ಪೆಟ್ಟಿಗೆಯೇ ಕಾಣುತ್ತಿತ್ತು, ಹುಡುಗಿ ಕಾಣುತ್ತಿರಲಿಲ್ಲ, ನಿಂತಲ್ಲಿ ನಿಲ್ಲದ ಮಗು, ಅದಕ್ಕೇ ಮಿಡತೆ ಅಂತ ಹೆಸರಿಟ್ಟದ್ದು, ಅವತ್ತು ಮಾತ್ರ ಅಲುಗಾಡದೆ ನಿಂತಿದ್ದಳು, ಈಗಲೂ ಅದೇ ಫಿನಾಯಿಲ್ ವಾಸನೆ, ಅದೇ ಹಳದಿ ಬಾಗಿಲುಗಳ ಸಾಲು, ಬಾಗಿಲಿಗೊಂದು ವಾದ್ಯ, ಯಾರಿಗೂ ಯಾರ ಗೊಡವೆಯಿಲ್ಲ, ಮುಂದೆ ನಡೆಯುತ್ತಿರುವ ವಾರ್ಡನ್ ಮೇಡಂ ಹೆಗಲ ಮೇಲಿಂದ ತಿರುಗಿ ಕೇಳುತ್ತಾರೆ, ಏನಮ್ಮಾ ದಿಢೀರ್ ಅಂತ, ಇವತ್ತು ಭೇಟಿ ದಿನ ಅಲ್ಲವಲ್ಲ, ಏನು ಹೇಳುವುದು, ನೆನಪಾಯ್ತು ಮೇಡಂ ಅನ್ನುತ್ತಾಳೆ, ನೆನಪಾಗದ ದಿನ ಯಾವುದಿತ್ತು, ಬೆಳಿಗ್ಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಬೆಯ ನಡುವೆ ನಿಂತಿದ್ದಾಗ ಮೊಬೈಲಿನಲ್ಲಿ ಬಂದದ್ದು ಎರಡೇ ಪದ, ಅಮ್ಮ ಬಾ, ಒದ್ದೆ ಕೈ ಒರೆಸಿಕೊಂಡು ಮತ್ತೆ ಮತ್ತೆ ಓದಿದಳು, ಮಗುವಿಗೆ ಏನಾಯಿತೋ ಎಂಬ ಭಯ ಎದ್ದದ್ದು ನಿಜ, ಆದರೆ ಅದರ ಬೆನ್ನಿಗೇ ಇನ್ನೊಂದು ಎದ್ದಿತಲ್ಲ, ನಾಚಿಕೆಯಿಲ್ಲದ ಸಂತೋಷ, ಕೊನೆಗೂ ಅಂದಳು, ಬಾ ಅಂದಳು, ಯಾಕೆಂದರೆ ವರ್ಷಗಟ್ಟಲೆ ಆ ಒಂದು ಪದಕ್ಕೇ ಅಲ್ಲವೇ ಕಿವಿ ನೆಟ್ಟುಕೊಂಡು ಕೂತದ್ದು, ಊರವರ ಚಾದರವನ್ನೆಲ್ಲ ಒಗೆದು ಮನೆಗೆ ಬಂದು, ಯಾರೂ ಮಲಗದ ಆ ಪುಟ್ಟ ಮಂಚದ ಚಾದರವನ್ನು ವಾರ ವಾರ ಬದಲಾಯಿಸುವುದು, ಕೊಳೆಯಾಗಿರುವುದಿಲ್ಲ, ಆದರೂ ಒಗೆಯುವುದು, ಒಗೆಯುವ ಮುಂಚೆ ಮೂಸುವುದು, ಸೋಪಿನ ವಾಸನೆ ಬಿಟ್ಟು ಬೇರೇನೂ ಇರುವುದಿಲ್ಲ —

ಅಕ್ಕ ಅಂದಿದ್ದಳು, ಹೆತ್ತವಳಿಗೆ ಹೊರೆಯಾಯ್ತೇನೇ ಮಗು, ಹಾಸ್ಟೆಲಿಗೆ ತಳ್ಳಿದೆ, ಹೌದು ಕಣೆ, ಹೊರೆ ನೋಡು, ಇಳಿಸಿದ ಮೇಲೇ ಬೆನ್ನು ಮುರಿದದ್ದು, ಆದರೆ ಆ ಕೈಯನ್ನು ಮನೆಯಲ್ಲಿಟ್ಟುಕೊಂಡು ಅವಳು ಏನು ಮಾಡಬೇಕಿತ್ತು, ಪಕ್ಕದ ಮನೆಯ ಗೋಡೆಗೆ ಕಿವಿಯಿಟ್ಟು ಕೇಳಿದ್ದನ್ನೆಲ್ಲ ನುಡಿಸುತ್ತಿದ್ದ ಕೈ, ಲಾಂಡ್ರಿಯ ಗುಂಡಿಯಕ್ಕ ಮಾತ್ರ ಒಳ್ಳೆಯವಳು, ಡಾಕ್ಟರುಗಳ ಕೋಟಿಗೆ ಗುಂಡಿ ಹೊಲಿಯುತ್ತ ಕೂತಲ್ಲೇ ಕಿಚಾಯಿಸುತ್ತಾಳೆ, ನೀನು ಬಾಯಲ್ಲಿ ಪಿಟೀಲು ಕುಯ್ತೀಯ, ಮಗಳು ಕೈಯಲ್ಲಿ ಕುಯ್ತಾಳೆ, ಒಟ್ಟಿನಲ್ಲಿ ನನ್ನ ಕಿವಿಗೆ ಉಳಿಗಾಲ ಇಲ್ಲ, ಅನ್ನುತ್ತಲೇ ಕೈ ಚಾಚುತ್ತಾಳೆ, ಹಾಕೇ, ಆ ಹೋದ ತಿಂಗಳದ್ದನ್ನೇ ಹಾಕು, ನುಡಿಸಿದ್ದನ್ನು ತಾವೇ ಕೇಳಿ ತಿದ್ದಿಕೊಳ್ಳಲಿ ಎಂದು ಇಲ್ಲಿ ಅಭ್ಯಾಸದ ಹೊತ್ತಿಗೆ ಮೊಬೈಲು ಕೊಡುತ್ತಾರಂತೆ, ರೆಕಾರ್ಡು ಮಾಡಿ ಮಿಡತೆ ಮನೆಗೂ ಕಳಿಸುತ್ತಾಳೆ, ಕಳಿಸುತ್ತಿದ್ದಳು, ಹೋದ ತಿಂಗಳ ಮೇಲೆ ಒಂದೂ ಬಂದಿಲ್ಲ, ಪರೀಕ್ಷೆಯಿರಬೇಕು ಅಂದುಕೊಂಡಳು, ಅಂದುಕೊಳ್ಳುವುದಕ್ಕೆ ಏನು, ನೋಡಿಮ್ಮಾ, ವಾರ್ಡನ್ ಮೇಡಂ ಹೇಳುತ್ತಿದ್ದಾರೆ, ನಮ್ಮಲ್ಲಿ ಒಂದು ಪದ್ಧತಿ, ಅಭ್ಯಾಸದ ಹೊತ್ತಲ್ಲಿ ಮೇಷ್ಟ್ರು ಇಲ್ಲಿ ಅಡ್ಡಾಡ್ತಾನೇ ಇರ್ತಾರೆ, ಯಾವ ಕೋಣೇಲಿ ಸದ್ದು ನಿಂತರೂ ಬಾಗಿಲು ತಟ್ತಾರೆ, ನಿಮ್ಮ ಮಗಳ ಬಾಗಿಲು ತಟ್ಟಿದ್ದೇ ಇಲ್ಲ ನೋಡಿ, ಚಿನ್ನದಂಥ ಹುಡುಗಿ, ಕೊನೇ ಕೋಣೆ, ನೀವೇ ಕೇಳಿ, ಎಂದು ಕಿಣಿಕಿಣಿ ಬೀಗದ ಕೈ ಸದ್ದು ಮಾಡುತ್ತ ಮೆಟ್ಟಿಲಿಳಿದು ಹೋದರು, ಹೌದು, ಅದೇ, ಬಾಗಿಲ ಆಚೆಯಿಂದ ಅದೇ ರಾಗ, ಲಾಂಡ್ರಿಯ ಗಡಗಡದಲ್ಲೂ ಗುರುತು ಸಿಗುವ ಕೈ ಅದು, ಅವಳು ಗೋಡೆಗೆ ಒರಗಿದಳು, ಈಗಲೇ ಒಳಗೆ ಹೋಗುವುದು ಬೇಡ, ಮುಗಿಸಲಿ, ಇಷ್ಟು ಹತ್ತಿರದಿಂದ ಕೇಳಿ ಎಷ್ಟು ಕಾಲವಾಯಿತು, ಮೇಲೆ ಹೋಗಿ ಅಲ್ಲೇ ಸ್ವಲ್ಪ ನಡುಗಿ ಇಳಿದು ಬರುವ ಆ ಜಾಗ, ಗುಂಡಿಯಕ್ಕ ಸೂಜಿ ನಿಲ್ಲಿಸುವ ಜಾಗ, ಆಗ ಒಳಗಿನಿಂದ ಕೆಮ್ಮು, ಅಯ್ಯೋ ಮಗುವಿಗೆ ಇನ್ನೂ ಕೆಮ್ಮು ಹೋಗಿಲ್ಲ, ಔಷಧಿ ತರಬೇಕಿತ್ತು, ಎಂಥ ತಾಯಿ ನಾನು, ಬಸ್ಸು ತಪ್ಪುತ್ತದೆಂದು ಓಡಿ ಬಂದೆ, ಇಲ್ಲೇ ಎಲ್ಲಾದರೂ ಅಂಗಡಿ — ಕೆಮ್ಮಿನ ಹಿಂದೆಯೇ ಕುರ್ಚಿ ಕಿರ್ರೆಂದಿತು.

ಕುರ್ಚಿ ಕಿರ್ರೆಂದಿತು, ಅದೂ ಗೊತ್ತು ಅವಳಿಗೆ, ಕೆಮ್ಮು, ಕುರ್ಚಿ, ಆಮೇಲೆ ಒಂದು ಸ್ವರ ತಡವಾಗಿ ಹಿಡಿದು ಮುಂದಕ್ಕೆ, ದಿನಕ್ಕೆ ಎಷ್ಟು ಸಲ ಕೇಳಿದ್ದಾಳೆ, ಇದು ಹೋದ ತಿಂಗಳ ಕೆಮ್ಮು, ಬಾಗಿಲಿಗೊಂದು ಅಂಗೈಯಗಲದ ಗಾಜು ಇದೆ, ತುದಿಗಾಲಲ್ಲಿ ನಿಂತು ಇಣುಕಿದಳು, ಪಿಟೀಲು ಪೆಟ್ಟಿಗೆಯೊಳಗೆ, ಪೆಟ್ಟಿಗೆಗೆ ಚಿಲಕ, ಅದರ ಮೇಲೆ ಮೊಬೈಲು ನುಡಿಸುತ್ತಿದೆ, ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾಳೆ ಅವಳ ಮಿಡತೆ, ಎರಡೂ ಕೈಗಳನ್ನು ತೊಡೆಯಡಿಗೆ ಒತ್ತಿಕೊಂಡು, ಚಳಿಗಲ್ಲ, ಕೈಗಳು ಎದ್ದು ಎಲ್ಲಿಗಾದರೂ ಹೋಗಿಬಿಟ್ಟಾವೆಂಬಂತೆ, ಅದುಮಿ ಕೂತಿದ್ದಾಳೆ, ಒಂದು ತಿಂಗಳಿಂದ ಹೀಗೆಯೇ, ದಿನವೂ, ಬಾಗಿಲು ತಟ್ಟದಿರಲೆಂದು, ನಡಿ ಹೋಗೋಣ, ಅಷ್ಟೇ ಅನ್ನಬೇಕು, ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದ್ದಾಳೆ, ನಡಿ ಹೋಗೋಣ, ಮಂಚದ ಮೇಲೆ ಒಗೆದ ಚಾದರವಿದೆ, ಮಲಗು, ಎಷ್ಟು ದಿನ ಬೇಕೋ ಅಷ್ಟು ದಿನ ಮಲಗು, ಬಾಗಿಲು ತಳ್ಳಿದಳು, ಮಿಡತೆ ತಲೆಯೆತ್ತಿದಳು, ಎಷ್ಟು ಉದ್ದವಾಗಿದೆ ಕುತ್ತಿಗೆ, ಅದರ ಎಡಕ್ಕೆ ಪಿಟೀಲಿನ ಕಂದು ಕಲೆಯೂ ಮಾಸಿದೆ, ಬಂದ್ಯಾ ಅಮ್ಮ, ಬಂದೆ ಕಂದ, ತೊಡೆಯಡಿಯಿಂದ ಒಂದು ಕೈ ಮೆಲ್ಲಗೆ ಹೊರಗೆ ಬರುತ್ತಿದೆ, ತನ್ನ ಕಡೆಗೆ, ಅದೇ ಹೊತ್ತಿಗೆ ಮೊಬೈಲಿನಲ್ಲಿ ರಾಗ ಮತ್ತೆ ಮೇಲೆ ಹೋಗಿ ನಡುಗಿತು, ಎಂಥ ಕೈ, ದೇವರೇ, ಇದನ್ನು ಚಾದರ ಮುಚ್ಚಿ ಮಲಗಿಸುವುದೇ, ಅವಳ ಬಾಯಿ ಅವಳನ್ನು ಕೇಳಲಿಲ್ಲ, ಇಷ್ಟು ಚೆನ್ನಾಗಿ ನುಡಿಸ್ತೀಯಲ್ಲೇ ಮಿಡತೆ, ಯಾಕೆ, ಯಾಕೇ?

ಬರುತ್ತಿದ್ದ ಕೈ ನಿಂತಿತು. ಏನಿಲ್ಲ ಬಿಡಮ್ಮ. ಇಲ್ಲ ಕಂದ, ಬಾ, ಹೋಗೋಣ, ಈಗಲೇ ಹೋಗೋಣ, ನಾನೇನೂ ಕೇಳಲಿಲ್ಲ, ಏನಿಲ್ಲ ಅಂದ್ನಲ್ಲಮ್ಮ, ಇನ್ನು ಕೇಳಬೇಡ, ನಾಡಿದ್ದು ಪರೀಕ್ಷೆ ಇದೆ, ನೀನು ಹೋಗು, ಬಸ್ ತಪ್ಪುತ್ತೆ, ಮೊಬೈಲು ಕೊನೆಯ ಸ್ವರ ಮುಗಿಸಿ ಸುಮ್ಮನಾಯಿತು, ಕಾರಿಡಾರಿನಲ್ಲಿ ಮೇಷ್ಟ್ರ ಚಪ್ಪಲಿ, ಚಟ್ ಚಟ್, ಹತ್ತಿರ, ಇನ್ನೂ ಹತ್ತಿರ, ಮಿಡತೆ ಅಮ್ಮನತ್ತ ನೋಡದೆ ಆ ಕೈಯನ್ನೇ ಚಾಚಿ ಮೊಬೈಲು ಒತ್ತಿದಳು, ರಾಗ ಮೊದಲಿನಿಂದ ಶುರುವಾಯಿತು, ಚಪ್ಪಲಿ ಬಾಗಿಲು ದಾಟಿ ಹೋಯಿತು, ಕೈ ಮತ್ತೆ ತೊಡೆಯಡಿಗೆ, ಎರಡೂ ಕೈ ತೊಡೆಯಡಿಗೆ, ಬೆರಳೊಂದೂ ಕಾಣದಂತೆ, ಎರಡೂ ಕೈ —

ಯಾಕೆ ಅಂತ ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಕೇಳಿದಳು.