ಟ್ರಿಪ್ ಕಟ್

ಬಜಗೋಳಿಯಿಂದ ಮಣಿಪಾಲಕ್ಕೆ ಹೋಗುವ ಆರೂ ಐವತ್ತರ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಗುಣವತಿಯದ್ದು. ಸೋಮವಾರ, ಬುಧವಾರ, ಶುಕ್ರವಾರ ಅಲ್ಲಿ ಬೇರೆ ಯಾರು ಕೂತರೂ ಕಂಡಕ್ಟರ್ ರೊಸಾರಿಯೊ ಎಬ್ಬಿಸುತ್ತಿದ್ದ. ಬೀಡಿ ಕಟ್ಟಿ ಬದುಕಿದ ಹೆಂಗಸು. ಎರಡೂ ಕಿಡ್ನಿ ಕೈಕೊಟ್ಟು ಐದು ವರ್ಷವಾಗಿತ್ತು. ಹತ್ತಿರದಲ್ಲಿ ಎಲ್ಲೂ ಜಾಗ ಸಿಗದೆ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್. ಎಂಟೂವರೆಗೆ ಅಲ್ಲಿರಬೇಕು, ತಡವಾದರೆ ಯಂತ್ರ ಇನ್ನೊಬ್ಬರ ಪಾಲು. ಬಸ್ಸು ಎಂಟೂಕಾಲಿಗೆ ಮುಟ್ಟಿಸುತ್ತಿತ್ತು. ಅವಳ ಜೀವ ಆ ಬಸ್ಸಿನ ಮೇಲೆ ನಿಂತಿತ್ತು ಎಂದರೆ ಅದು ಬರೀ ಮಾತಿಗೆ ಹೇಳಿದ್ದಲ್ಲ.

ಪಕ್ಕದಲ್ಲಿ ಕೂರುತ್ತಿದ್ದವಳು ನೆರೆಮನೆಯ ಮೇಧಾ, ಮಣಿಪಾಲದ ಒಂದು ಕಂಪೆನಿಯಲ್ಲಿ ಕೆಲಸ. ನಾಲ್ಕು ವರ್ಷ ಇಬ್ಬರೂ ಒಂದೇ ಸೀಟು. ಮೇಧಾ ಬಸುರಿಯಾಗಿದ್ದಾಗ ಕಿಟಕಿಯ ಬದಿ ಬಿಟ್ಟುಕೊಟ್ಟು, ವಾಂತಿ ಬಂದರೆ ಬೆನ್ನು ನೀವಿದವಳು ಈ ರೋಗಿಷ್ಠೆಯೇ.

ಕಳೆದ ಜೂನಿನಲ್ಲಿ ಕಂಪೆನಿಗೆ ಭೂಮಿಯ ಮೇಲೆ ಮಮತೆ ಉಕ್ಕಿತು. ಇನ್ನು ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ, ರಸ್ತೆಯ ಹೊಗೆ ಕಡಿಮೆಯಾಗಲಿ, ಆರು ತಿಂಗಳು ನೋಡೋಣ ಎಂದಿತು. ಆ ಬಸ್ಸಿನ ಹನ್ನೊಂದು ಮಂದಿ ಒಂದೇ ದಿನ ಮನೆಯಲ್ಲಿ ಕೂತರು. ಮೇಧಾಳಿಗೆ ದಿನಕ್ಕೆ ಮೂರು ಗಂಟೆ ವಾಪಸು ಸಿಕ್ಕಿತು. ಮಗಳನ್ನು ತಾನೇ ಮೀಯಿಸಿ, ತಾನೇ ಅಂಗನವಾಡಿಗೆ ಬಿಟ್ಟು ಬರುವಾಗ ಅವಳ ಮುಖ ನೋಡಬೇಕಿತ್ತು. ಇದರಲ್ಲಿ ತಪ್ಪು ಹುಡುಕುವವರು ಮಗು ಸಾಕಿದವರಲ್ಲ.

ಆದರೆ ಈ ಭಾಗ್ಯ ಕಾಯಂ ಆಗಬೇಕಾದರೆ ಎಷ್ಟು ಹೊಗೆ ಉಳಿಯಿತೆಂದು ತೋರಿಸಬೇಕು. ಆ ವರದಿ ಬರೆಯುವ ಕೆಲಸ ಮೇಧಾಳಿಗೇ ಬಂತು. ಕಾರಿನವರದ್ದು, ಸ್ಕೂಟರಿನವರದ್ದು ಸಲೀಸಾಗಿ ಮುಗಿಯಿತು. ಬಸ್ಸಿನವರ ವಿಷಯಕ್ಕೆ ಬಂದಾಗ ಮೇಲಧಿಕಾರಿ ಸುಘೋಷ ಫೋನಿನಲ್ಲಿ ನಕ್ಕ.

"ನೀವು ಹತ್ತದಿದ್ದರೂ ಬಸ್ಸು ಓಡ್ತಾ ಉಂಟಲ್ಲ ಮೇಧಾ? ಹಾಗಾದರೆ ಉಳಿದದ್ದು ಎಂತ? ಅದು ನಿಂತರೆ ಮಾತ್ರ ಉಳಿತಾಯ."

ಮಾತು ಸರಿಯಾಗಿಯೇ ಇತ್ತು. ಅಂದಿನಿಂದ ಮೇಧಾ ವಾರಕ್ಕೊಮ್ಮೆ ರೊಸಾರಿಯೊಗೆ ಫೋನ್ ಮಾಡತೊಡಗಿದಳು. "ಬಸ್ಸು ಈಗಲೂ ಉಂಟಾ?"

ಅವನಿಗೋ, ಹಳೆಯ ಪ್ರಯಾಣಿಕರಿಗೆ ಬಸ್ಸಿನ ನೆನಪು ಕಾಡುತ್ತಿದೆ ಎಂಬ ಸಂತೋಷ. "ಉಂಟು ಮೇಡಂ, ಉಂಟು. ನಾಲ್ಕು ಜನ ಆದರೂ ಬಿಡ್ತಾ ಇದ್ದೇವೆ. ನಿಮ್ಮ ಸೀಟೂ ಹಾಗೇ ಉಂಟು, ಬನ್ನಿ."

ಉಂಟು ಎಂದು ಕೇಳಿದಾಗಲೆಲ್ಲ ತನ್ನ ಎದೆ ಸಣ್ಣಗೆ ಕುಸಿಯುವುದನ್ನು ಮೇಧಾ ಗಮನಿಸಿದಳು. ಗಮನಿಸಿ ನಾಚಿಕೆಯೂ ಪಟ್ಟಳು. ಆದರೂ ಮುಂದಿನ ವಾರ ಮತ್ತೆ ಕೇಳಿದಳು.

ಅಕ್ಟೋಬರಿನಲ್ಲಿ ಅವನೇ ಫೋನ್ ಮಾಡಿದ. "ಟ್ರಿಪ್ ಕಟ್ ಆಯಿತು ಮಾರಾಯ್ರೇ. ಖಾಲಿ ಬಸ್ಸು ಎಷ್ಟು ದಿನ ಓಡಿಸುವುದು ಅಂತ ಧನಿಗಳು ಹೇಳಿದರು."

"ಗುಣವತಿ ಅಕ್ಕ ಎಂತ ಮಾಡ್ತಾರೆ?"

"ಏಳೂಕಾಲಿನ ಲೋಕಲ್ ಉಂಟಲ್ಲ. ಕಾರ್ಕಳದಲ್ಲಿ ಇಳಿದು ಬೇರೆ ಹಿಡಿಯಬೇಕು. ಸ್ವಲ್ಪ ಕಷ್ಟ."

ಸ್ವಲ್ಪ ಕಷ್ಟ ಎಂಬ ಮಾತು ಮೇಧಾಳಿಗೆ ಸಾಕಾಯಿತು. ಬೇಕಾದದ್ದು ಅಷ್ಟೇ ಆಗಿತ್ತು. ಪಾಪ ಎಂದಳು, ಫೋನ್ ಇಟ್ಟಳು, ವರದಿ ತೆರೆದು ಆರೂ ಐವತ್ತರ ಬಸ್ಸಿನ ಒಂದು ತಿಂಗಳ ಡೀಸೆಲನ್ನು ಉಳಿದದ್ದರ ಸಾಲಿಗೆ ಸೇರಿಸಿದಳು. ಆ ದಿನ ಮನೆಯಲ್ಲಿ ಪಾಯಸ ಮಾಡಿದ್ದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಬೆಕ್ಕಿಗಾದರೂ ತಾನು ಆಡುತ್ತಿರುವುದು ಯಾರ ಜೊತೆ ಎಂದು ಗೊತ್ತಿರುತ್ತದೆ.

ಲೋಕಲ್ ಬಸ್ಸು ಪ್ರತಿ ಕಟ್ಟೆಯಲ್ಲೂ ನಿಂತು ಹೊರಡುವುದು. ಕಾರ್ಕಳದಲ್ಲಿ ಇಳಿಯುವಾಗ ಮಣಿಪಾಲದ ಬಸ್ಸು ಹಿಂಬದಿ ತೋರಿಸಿಕೊಂಡು ಹೋಗುತ್ತಿತ್ತು. ಗುಣವತಿ ಎರಡು ವಾರದಲ್ಲಿ ಮೂರು ಸಲ ತಡವಾದಳು. ಆಸ್ಪತ್ರೆಯವರು ಮಧ್ಯಾಹ್ನದ ಸರದಿ ಕೊಟ್ಟರು. ಅದು ಸಿಗುತ್ತಿದ್ದದ್ದು ವಾರಕ್ಕೆ ಎರಡೇ ದಿನ. ಮೂರು ಎರಡಾಯಿತು. ಒಮ್ಮೊಮ್ಮೆ ಬಸ್ಸು ಕೈಕೊಟ್ಟು ಒಂದೂ ಆಯಿತು. ಕಾಲು ಊದಿತು, ಮುಖ ಊದಿತು. ಬೇಲಿಯಾಚೆ ಅವಳನ್ನು ಕಂಡ ಮೇಧಾ ಹತ್ತಿರ ಹೋದಳು.

"ಅಕ್ಕ, ಯಾವಾಗ ಬೇಕಾದರೂ ಕರೀರಿ. ಕಾರು ಉಂಟು, ನಾನೂ ಮನೆಯಲ್ಲೇ ಇದ್ದೇನಲ್ಲ."

"ಮನೆಯಲ್ಲಿದ್ದರೂ ಡ್ಯೂಟಿ ಡ್ಯೂಟಿಯೇ ಅಲ್ವಾ?" ಎಂದಳು ಗುಣವತಿ. "ನಿನ್ನ ಕೆಲಸಕ್ಕೆ ನನ್ನಿಂದ ತೊಂದರೆ ಆಗುವುದು ಬೇಡ."

"ಎಂತ ತೊಂದರೆ? ಕರೀರಿ," ಎಂದಳು ಮೇಧಾ. ಮನಸಾರೆ ಹೇಳಿದ ಮಾತೇ. ಆದರೆ ತಾನಾಗಿ ಒಂದು ದಿನವೂ ಕಾರು ಹೊರಗೆ ತೆಗೆಯಲಿಲ್ಲ. ಬೆಳಿಗ್ಗೆ ಎಂಟೂವರೆಯಿಂದ ಸಂಜೆಯ ತನಕ ಲಾಗಿನ್, ಏನು ಮಾಡುವುದು?

ಡಿಸೆಂಬರಿನ ಒಂದು ಮಂಗಳವಾರ ವರದಿಯನ್ನು ದೊಡ್ಡವರ ಮುಂದೆ ಇಡುವ ಮೀಟಿಂಗ್. ಮೇಧಾ ಬಾಗಿಲು ಹಾಕಿಕೊಂಡು ಒಂಬತ್ತಕ್ಕೆ ಸರಿಯಾಗಿ ಕಿವಿಗೆ ಹೆಡ್‌ಫೋನ್ ಏರಿಸಿದಳು. ಬಸ್ಸಿನ ಚಿತ್ರ ಬಂದಾಗ ಅವಳ ದನಿಗೆ ಕಳೆ ಬಂತು: ಇದು ಬರೀ ಕಾಗದದ ಉಳಿತಾಯವಲ್ಲ, ಒಂದು ಇಡೀ ಬಸ್ಸೇ ರಸ್ತೆಯಿಂದ ಇಳಿದಿದೆ. ಆ ಹೊತ್ತಿಗೆ ಹೊರಗೆ ಜಗಲಿಯಲ್ಲಿ ಯಾರದೋ ಗುಸುಗುಸು ಕೇಳಿತು. ಮೀನಿನವಳೋ, ಮತ್ಯಾರೋ. ಮೇಧಾ ಮಾತು ನಿಲ್ಲಿಸದೆಯೇ ಕೈಚಾಚಿ ಕಿಟಕಿ ಮುಚ್ಚಿದಳು.

ಒಂಬತ್ತು ಐವತ್ತಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಯಿಂದ ಕೆಲಸ ಕಾಯಂ ಆಯಿತು. ಖುಷಿಗೆ ಗಂಡನಿಗೆ ಫೋನ್ ಮಾಡುತ್ತ ಬಾಗಿಲು ತೆರೆದರೆ ಗುಣವತಿ ಮೆಟ್ಟಿಲ ಮೇಲೆ ಕೂತು ಕಂಬಕ್ಕೆ ಒರಗಿದ್ದಳು. ತುಟಿ ನೀಲಿ. ಎದೆಯೊಳಗೆ ನೀರು ಕುದಿಯುವಂಥ ಸದ್ದು. ಕಣ್ಣು ತೆರೆದಿತ್ತು, ಮೇಧಾಳನ್ನು ನೋಡಿ ಏಳಲು ಹೊರಟಳು, ಆಗಲಿಲ್ಲ.

ಅವಳನ್ನು ಎತ್ತಿ ಕಾರಿಗೆ ಹಾಕಿದ್ದು ಹೇಗೋ, ಮೇಧಾಳಿಗೆ ಆಮೇಲೂ ನೆನಪಾಗಲಿಲ್ಲ. ಮಣಿಪಾಲ ದೂರದ ಮಾತಾಯಿತು. ಕಾರ್ಕಳ ಪೇಟೆಗೆ ಎರಡು ಕಿಲೋಮೀಟರ್ ಇರುವಾಗ ಹಿಂದಿನ ಸೀಟಿನ ಆ ಸದ್ದು ನಿಂತಿತು. ಸದ್ದು ನಿಂತದ್ದಕ್ಕೆ ಹಾಯೆನಿಸಿತು ಅವಳಿಗೆ, ಒಂದು ಗಳಿಗೆ. ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ನೋಡಿ ಇಲ್ಲವೆಂದು ತಲೆಯಾಡಿಸಿದರು.

"ಎಷ್ಟು ಹೊತ್ತಿನಿಂದ ಹೀಗಿತ್ತು?" ಎಂದು ಕೇಳಿದರು.

"ನಾನು ಬಾಗಿಲು ತೆರೆದಾಗಲೇ ಹೀಗಿತ್ತು," ಎಂದಳು ಮೇಧಾ.

ಸುದ್ದಿ ತಿಳಿದು ಗೇರುಬೀಜದ ಕಾರ್ಖಾನೆಯಿಂದ ಗುಣವತಿಯ ತಂಗಿ ಹರಿಣಾಕ್ಷಿ ಓಡಿ ಬಂದಳು. ಅಕ್ಕನ ಕಾಲು ಹಿಡಿದು ಅತ್ತಳು, ಅತ್ತು ಮುಗಿಸಿ ಮೇಧಾಳ ಪಕ್ಕದ ಬೆಂಚಿನಲ್ಲಿ ಕೂತಳು. ಅವಳು ಬೈಯುತ್ತಾಳೆಂದು ಮೇಧಾ ಕಾದಳು. ಬೈದರೆ ಒಳ್ಳೆಯದೆಂದು ಆಸೆಪಟ್ಟಳು.

"ನೀನಾದರೂ ಇದ್ದೆಯಲ್ಲ ಕಡೆಗೆ," ಎಂದಳು ಹರಿಣಾಕ್ಷಿ. "ನಿನ್ನೆ ಬಸ್ಸು ತಪ್ಪಿ ಹೋಗಲಿಕ್ಕೇ ಆಗಲಿಲ್ಲ ಅವಳಿಗೆ. ಇವತ್ತು ಉಸಿರು ಕಟ್ತದೆ ಅಂತ ಒಂಬತ್ತಕ್ಕೆ ಫೋನ್ ಮಾಡಿದಳು. ಮೇಧಾಳ ಮನೆಗೆ ಹೋಗು, ಕಾರು ಉಂಟು ಅಂತ ಹೇಳಿದೆ. ಒಂಬತ್ತೂಕಾಲಿಗೆ ಪುನಃ ಕೇಳಿದೆ, ಎಂತಾಯ್ತು ಅಂತ. ನಿನ್ನ ಜಗಲಿಯಲ್ಲೇ ಕೂತಿದ್ದಳು."

"ಬಾಗಿಲು ಬಡಿಯಲಿಲ್ಲ ಅವರು," ಎಂದಳು ಮೇಧಾ.

"ಬಡಿ ಅಂತ ನಾನು ಬೊಬ್ಬೆ ಹಾಕಿದೆ. 'ಮೇಧಾ ಡ್ಯೂಟಿಯಲ್ಲಿ ಉಂಟು, ಈಗ ಮುಗೀತದೆ. ನೀನು ಮೆಲ್ಲ ಮಾತಾಡು, ಅವಳಿಗೆ ಒಳಗೆ ಕೇಳ್ತದೆ' ಅಂತ ಹೇಳಿ ಫೋನ್ ಇಟ್ಟಳು."