ಇನ್ನೂರೈವತ್ತಾರು

ಪ್ರಿಂಟರ್ ಕಿರ್ರೆಂದು ಎಡದಿಂದ ಬಲಕ್ಕೆ ಓಡುತ್ತಿದೆ, ಕಿಟಕಿಯಿಂದ ಕೊಬ್ಬರಿಯ ಕಮಟು ಬರುತ್ತಿದೆ, ಬರಲಿ, ಮಿಲ್ಲಿನ ಕಂಪ್ಯೂಟರ್ ಕೆಲಸದ ತೀರ್ಥಮ್ಮನಿಗೆ ಈಗ ಕಾಗದ ಬಿಟ್ಟು ಬೇರೇನೂ ಬೇಡ — ಬಂತು, ಮೊದಲ ಸಾಲು ಬಂತು, ಹಿಡಿದುಬಿಟ್ಟಳು. ಕಡೂರಿನ ಈ ಎಣ್ಣೆ ಮಿಲ್ಲಿನಲ್ಲಿ, ಎಂಬತ್ತೊಂಬತ್ತನೇ ಇಸವಿಯ ಈ ಮಂಗಳವಾರ, ತೂಕದ ಶೆಡ್ಡಿನ ಕಂಪ್ಯೂಟರಿನಿಂದ ಆಫೀಸಿನ ಕಂಪ್ಯೂಟರಿಗೆ ಈಥರ್ನೆಟ್ ತಂತಿಯಲ್ಲಿ ಓಡುವ ಪ್ಯಾಕೆಟ್ಟನ್ನು ನಡುದಾರಿಯಲ್ಲಿ ಕೇಳಿಸಿಕೊಂಡುಬಿಟ್ಟಳು, ಮೂರನೆಯದೊಂದು ಯಂತ್ರವನ್ನು ಅದೇ ತಂತಿಗೆ ಜೋಡಿಸಿ, ಸುಮ್ಮನೆ, ಗೋಡೆಗೆ ಕಿವಿಯಿಟ್ಟವಳ ಹಾಗೆ. ಹಾಗೆ ಕೇಳಿಸಿಕೊಳ್ಳುವ ಪ್ರೋಗ್ರಾಮು ನಾಲ್ಕು ದಿನ ಸಿ ಭಾಷೆಯಲ್ಲಿ ಬರೆದದ್ದು, ಅಜ್ಜಂಪುರದಿಂದ ಬರುವ ಬಸ್ಸಿನಲ್ಲಿ ಮಡಿಲ ಮೇಲೆ ನೋಟುಬುಕ್ಕು, ಪಕ್ಕದ ಹೆಂಗಸು ಇಣುಕಿ ಏನಮ್ಮಾ ಇದು ಜಾತಕವಾ ಅಂದಿದ್ದಳು, ಅಲ್ಲ ಅಕ್ಕಾ ವಿಳಾಸ ಅಂದಿದ್ದಳು ಇವಳು, ಸುಳ್ಳೇನಲ್ಲ, ಮೊದಲ ಆರು ಬೈಟು ಯಾರಿಗೆ, ಮುಂದಿನ ಆರು ಯಾರಿಂದ, ಆಮೇಲೆರಡು ಯಾವ ಬಗೆಯದು, ಥೇಟ್ ಲಕೋಟೆಯ ಮೇಲಿನ ಬರಹ, ಒಳಗೆ ಕಾಗದ, ಕಾಗದದಲ್ಲಿ ತೂಕ. ತೂಕಕ್ಕೆ ಎರಡೇ ಬೈಟು. ಈರಭದ್ರಣ್ಣನ ಕೆಲಸ ಆ ಎರಡು ಬೈಟಿನಲ್ಲಿ ಕೂತಿದೆ, ನಾಲ್ಕು ಗಂಟೆಗೆ ಅವನನ್ನು ತೆಗೆದುಹಾಕುತ್ತಾರೆ, ಈಗ ಮೂರೂಕಾಲು.

ಯಗಟಿಯ ಈರಭದ್ರಪ್ಪ, ಹನ್ನೊಂದು ವರ್ಷದಿಂದ ತೂಕದ ಶೆಡ್ಡಿನವನು, ಹೊಸ ಕೀಲಿಮಣೆಯನ್ನು ಒಂದೇ ಬೆರಳಲ್ಲಿ ಒತ್ತಲು ಕಲಿತವನು — ಅವನು ರೈತರಿಗೆ ಬರೆದುಕೊಡುವ ಚೀಟಿಯಲ್ಲಿ ಒಂದು ತೂಕ, ಆಫೀಸಿನ ಪಟ್ಟಿಯಲ್ಲಿ ಬೀಳುವುದು ಇನ್ನೊಂದು. ಎಲ್ಲ ಲೋಡಿಗೂ ಅಲ್ಲ, ಒಂದು ಟ್ರ್ಯಾಕ್ಟರು ಸರಿ ಇದ್ದರೆ ಅದರ ಹಿಂದಿನದು ತಪ್ಪು, ತಪ್ಪಾದಾಗಲೆಲ್ಲ ಚೀಟಿಯಲ್ಲಿ ಇನ್ನೂರೈವತ್ತಾರು ಕೆಜಿ ಜಾಸ್ತಿ. ರೈತರ ಹತ್ರ ಏನೋ ಇಸ್ಕೊಂಡು ಬರೀತಾನೆ ಕಣಮ್ಮ, ಮಿಷಿನ್ ಸುಳ್ಳು ಹೇಳಲ್ಲ, ಅಂದಿದ್ದರು ಮ್ಯಾನೇಜರ್ ಲಕ್ಷ್ಮೀಪತಿ. ಆದರೆ ಸಾರ್, ಮನುಷ್ಯ ಏರಿಸಿ ಬರೆಯೋದಾದ್ರೆ ಇನ್ನೂರೈವತ್ತು ಬರೀತಾನೆ, ಇನ್ನೂರೈವತ್ತಾರು ಯಾಕೆ ಬರೀತಾನೆ, ಅದು ಯಂತ್ರದ ಸಂಖ್ಯೆ ಸಾರ್, ಒಂದು ಬೈಟಿಗೆ ಹಿಡಿಸೋ ಲೆಕ್ಕ ಅಷ್ಟೇ, ತಂತಿಯಲ್ಲೆಲ್ಲೋ ಕೆಡ್ತಿದೆ, ನಂಗೆ ಮಂಗಳವಾರದ ತನಕ ಟೈಮ್ ಕೊಡಿ. ಕೊಟ್ಟರು. ಈರಭದ್ರಣ್ಣ ಮಾತ್ರ, ನಾನು ನೋಡಿದ್ನೇ ಒತ್ತೀನಿ ತಾಯಿ, ಅಷ್ಟೇಯ, ಅಂದು ಟವಲು ಕೊಡವಿ ಹೋಗಿದ್ದ.

ಇದೋ ತೂಕದ ಜಾಗ, ಸೊನ್ನೆ ಒಂಬತ್ತು, ಸರಿ, ಅದರ ಪಕ್ಕ — ಎಫ್ ಎಫ್ ಒಂಬತ್ತು ಸಿ. ಎರಡು ಅಂಕಿ ಇರಬೇಕಾದ ಕಡೆ ನಾಲ್ಕು. ಸಿಕ್ಕಿತು ಕಸ, ತಂತಿಯದೇ ಕಸ, ಕಾಗದ ಹರಿದುಕೊಂಡು ಓಡಬೇಕು ಈಗಲೇ — ತಡಿ, ತಡಿ ತೀರ್ಥ, ಮೇಲೆ ವಿಳಾಸದಲ್ಲೂ ಅದೇ, ಎಫ್ ಎಫ್ ಎಂಟು ಸಿ, ವಿಳಾಸ ಕೆಟ್ಟಿದ್ದರೆ ಪ್ಯಾಕೆಟ್ಟು ಬಂದು ಸೇರುತ್ತಲೇ ಇರಲಿಲ್ಲ. ಹಾಗಾದರೆ ತಂತಿ ಸರಿ ಇದೆ, ತಾನು ಮುದ್ರಿಸಿದ್ದೇ ತಪ್ಪು. ಬೈಟನ್ನು ಬರೀ ಕ್ಯಾರ್ ಅಂತ ಬರೆದಿದ್ದಾಳೆ, ಅದಕ್ಕೂ ಮೊದಲು ಅನ್‌ಸೈನ್ಡ್, ಅಂದರೆ ಮೈನಸ್ ಇಲ್ಲದ್ದು, ಅಂತ ಹಾಕಿಲ್ಲ, ಬರೀ ಕ್ಯಾರ್ ಆದರೆ ನೂರಿಪ್ಪತ್ತೇಳು ದಾಟಿದ್ದೆಲ್ಲ ಈ ಕಂಪ್ಯೂಟರಿಗೆ ಮೈನಸ್, ಛೆ, ಎಂಥ ಪೆದ್ದಿ, ನಗು ಬಂತು, ಬೆರಳು ಓಡಿದವು, ಒಂದೇ ಪದ, ಮತ್ತೆ ಕಂಪೈಲ್, ಕರೆಂಟು ಹೋಗದಿರಲಿ ದುರ್ಗಮ್ಮ ತಾಯೀ, ಇನ್ನೊಂದೈದು ನಿಮಿಷ — ಕಿರ್ರ್ — ಸೊನ್ನೆ ಒಂಬತ್ತು, ಒಂಬತ್ತು ಸಿ. ಒಂಬತ್ತು ಸಲ ಇನ್ನೂರೈವತ್ತಾರು, ಎರಡು ಸಾವಿರದ ಮುನ್ನೂರ ನಾಲ್ಕು, ಒಂಬತ್ತು ಸಿ ಅಂದರೆ ಒಂಬತ್ತು ಸಲ ಹದಿನಾರು, ಮೇಲೆ ಸಿ ಅನ್ನುವ ಹನ್ನೆರಡು, ನೂರೈವತ್ತಾರು, ಕೂಡಿದರೆ ಎರಡು ಸಾವಿರದ ನಾನೂರ ಅರವತ್ತು. ಚೀಟಿಯಲ್ಲಿ ಈರಭದ್ರಣ್ಣ ಬರೆದದ್ದು ಎರಡು ಸಾವಿರದ ನಾನೂರ ಅರವತ್ತು. ಸರಿಯಾಗೇ ಒತ್ತಿದ್ದಾನೆ ಪುಣ್ಯಾತ್ಮ, ತಂತಿ ಸರಿಯಾಗೇ ತಂದಿದೆ, ಆಫೀಸಿನ ಪಟ್ಟಿಯಲ್ಲಿ ಬಿದ್ದಿರುವುದು ಎರಡು ಸಾವಿರದ ಇನ್ನೂರ ನಾಲ್ಕು, ಅಂದರೆ ನೂರೈವತ್ತಾರನ್ನು ಆಫೀಸಿನ ಕಂಪ್ಯೂಟರು ಕೂಡಲಿಲ್ಲ, ಮೈನಸ್ ನೂರು ಅಂತ ಓದಿ ನೂರು ಕಳೆಯಿತು, ಮೈನಸ್ — ಅಯ್ಯೋ. ಅಲ್ಲೂ ಬರೀ ಕ್ಯಾರ್. ಅಲ್ಲೂ ಅದೇ ಪದ ಬಿಟ್ಟಿದೆ. ಆಫೀಸಿನ ಆ ಪ್ರೋಗ್ರಾಮು ಬರೆದವರು ಯಾರು, ಯುಗಾದಿ ಮುಗಿದ ವಾರ, ಇದೇ ಕುರ್ಚಿ, ಇದೇ ಕೈ.

ಹೇಳದಿದ್ದರೂ ನಡೆಯುತ್ತದೆ, ತಂತಿಯದೇ ದೋಷ ಸಾರ್ ಅಂದರೆ ಸಾಕು, ಯಾರಿಗೆ ಗೊತ್ತಾಗುತ್ತದೆ, ಕಡೂರಿನಲ್ಲಿ ಇದನ್ನು ಓದುವವರು ಇನ್ಯಾರಿದ್ದಾರೆ — ಕಾಲು ಆಗಲೇ ಅಂಗಳದಲ್ಲಿವೆ, ಬಿಸಿಲು, ಸಿಪ್ಪೆಯ ರಾಶಿ, ಕಾಗದ ಹಿಂದೆ ಉದ್ದಕ್ಕೆ ಎಳೆದುಕೊಂಡು ಬರುತ್ತಿದೆ, ಹೆದರಿಕೆಯಾಗಬೇಕಿತ್ತು, ಆಗುತ್ತಿಲ್ಲ, ಗೊತ್ತಾಯಿತಲ್ಲ, ಗೊತ್ತಾಯಿತು, ಇಷ್ಟು ಕರಾರುವಾಕ್ಕಾಗಿ ಒಂದು ಸತ್ಯ ಯಾವತ್ತೂ ಅವಳ ಕೈಗೆ ಸಿಕ್ಕಿರಲಿಲ್ಲ, ಅದು ತನ್ನ ವಿರುದ್ಧವೇ ಇದ್ದರೇನಂತೆ. ಮ್ಯಾನೇಜರ ಮೇಜಿನ ಮುಂದೆ ಈರಭದ್ರಣ್ಣ ಆಗಲೇ ನಿಂತಿದ್ದಾನೆ. ಸಾರ್, ಇವರು ಒತ್ತಿದ್ದು ಸರಿ, ತಂತೀನೂ ಸರಿ, ನಾನು ಬರೆದ ಪ್ರೋಗ್ರಾಮು ತಪ್ಪು. ಯಾರು ಬರೆದದ್ದು? ನಾನು ಸಾರ್. ಲಕ್ಷ್ಮೀಪತಿ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು, ಗಡಿಯಾರ ನೋಡಿದರು. ಆರು ತಿಂಗಳ ಪಟ್ಟಿ ನೀನೇ ತಿದ್ದಬೇಕು, ನಿನ್ನ ವಿಷಯ ಯಜಮಾನರ ಹತ್ರ ನಾಳೆ ಮಾತಾಡ್ತೀನಿ, ಈರಭದ್ರಪ್ಪ, ನೀನು ಶೆಡ್ಡಿಗೆ ಹೋಗಪ್ಪ. ಅವನು ಹೋಗಲಿಲ್ಲ. ಕಾಗದದ ಹತ್ತಿರ ಬಂದ. ನಾನು ಒತ್ತಿದ್ದು ಎಲ್ಲೈತಮ್ಮ ಇದ್ರಾಗೆ? ಇಲ್ಲಿ ನೋಡಣ್ಣ, ಇದು, ಸೊನ್ನೆ ಒಂಬತ್ತು, ಒಂಬತ್ತು ಸಿ. ಇದಾ. ಹೂಂ. ಅವನ ಬೆರಳು ಅದರ ಮೇಲೆ ಬಂತು, ಕೀಲಿಮಣೆ ಒತ್ತುವ ಅದೇ ಒಂದು ಬೆರಳು, ಉಗುರಿನ ಸುತ್ತ ತೆಂಗಿನ ಕರೆ, ಅವಳು ನಾಳೆಯ ಬಗ್ಗೆ ಏನೋ ಯೋಚಿಸಹೊರಟಳು, ಬೆರಳು ಅಲ್ಲೇ ಇತ್ತು, ತಾಯಿಗೆ ಏನು ಹೇಳುವುದು ಅಂತ, ಬೆರಳು ಅಲ್ಲೇ, ಮಸಿ ಇನ್ನೂ ಹಸಿ, ಮೆಲ್ಲಗೆ ಒತ್ತಿ ಹಿಡಿದ ಬೆರಳು.