ಸಾವಿರದ ಏಳರ ಮಾಲೀಕ

ದೆವ್ವದ ಮಾತೆತ್ತಿದರೆ ನನಗೆ ಮೈ ಉರಿಯುತ್ತದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಇದು ಕಂಪ್ಯೂಟರಿನ ವಿಷಯ.

ಟಿ. ನಗರದ ನಮ್ಮ ಹೋಟೆಲಿನ ಹಳೆಯ ಸರ್ವರ್ ಕಂಪ್ಯೂಟರನ್ನು ಬೆಳಿಗ್ಗೆ ಹನ್ನೊಂದಕ್ಕೆ ಆರಿಸಿ ಹೊಸದನ್ನು ಕೂರಿಸಬೇಕಿತ್ತು. ಅದರೊಳಗೆ ಏನೇನು ಓಡುತ್ತಿದೆ ಎಂದು ಪಟ್ಟಿ ತೆಗೆದೆ. ಯಂತ್ರದ ಒಳಗಿನ ಮೇಸ್ತ್ರಿ ಕರ್ನಲ್. ಅದು ಓಡುವ ಪ್ರತಿ ಪ್ರೋಗ್ರಾಮಿಗೂ ಒಂದು ಗುಟ್ಟಿನ ಪುಟ ಇಟ್ಟಿರುತ್ತದೆ: ಯಾವಾಗ ಶುರುವಾಯಿತು, ಈಗ ಏನು ಮಾಡುತ್ತಿದೆ, ಯಾರದು. ಯಾರದು ಅಂದರೆ ಹೆಸರಲ್ಲ, ಬರೀ ಸಂಖ್ಯೆ. ನನ್ನದು 1007.

1007ರ ಹೆಸರಲ್ಲಿ ಒಂದು ಪ್ರೋಗ್ರಾಂ ಮೂರು ವರ್ಷದಿಂದ ಓಡುತ್ತಿತ್ತು. ನಾನು ಕೆಲಸಕ್ಕೆ ಸೇರಿ ಎರಡೇ ವರ್ಷ. ನನಗಿಂತ ಮುಂಚೆ ಆ ಸಂಖ್ಯೆ ಮಧುಸೂದನ್ ಅವರದು. ಅವರು ಇದೇ ಕುರ್ಚಿಯಲ್ಲಿ ಎದೆನೋವು ಬಂದು ತೀರಿಕೊಂಡಿದ್ದರು. ಹೇಗೂ ಖಾಲಿ ಬಿದ್ದಿದೆಯಲ್ಲ ಎಂದು ಯಾರೋ ಆ ಸಂಖ್ಯೆಯನ್ನು ನನಗೆ ಅಂಟಿಸಿದ್ದರು. ಸತ್ತವರ ಚಪ್ಪಲಿಯನ್ನಾದರೂ ಕೊಡುವ ಮುಂಚೆ ಒಂದು ಮಾತು ಕೇಳುತ್ತಾರೆ.

ಪ್ರೋಗ್ರಾಮಿನ ಮೆಮೊರಿಯನ್ನು ಅದರ ಮಾಲೀಕರು ಓದಬಹುದು. ನಾನು ಓದಿದೆ. ಸೇವ್ ಮಾಡದೆ ಅರ್ಧಕ್ಕೆ ಬಿಟ್ಟ ಪತ್ರ: ‘ಗುಣಾ, ನಿನ್ನಲ್ಲಿ ಒಂದು ಕೇಳಬೇಕು.’

ಅವರ ಹೆಂಡತಿ ಗುಣವತಿ ಆಂಟಿ ಕೆಳಗೆ ಸ್ವೀಟ್ ಕೌಂಟರಿನಲ್ಲಿ ಕೂರುತ್ತಾರೆ. ಗಂಡ ಕೊನೆಗೊಂದು ಮಾತೂ ಆಡಲಿಲ್ಲ ಎಂದು ಮೂರು ವರ್ಷದಿಂದ ಕೊರಗುತ್ತಿದ್ದವರು. ಕರೆಸಿದೆ.

"ಎಂತ ಮಾ, ಅರ್ಜೆಂಟಾ?" ಎನ್ನುತ್ತಾ ಬಂದರು.

ಅಷ್ಟರಲ್ಲಿ ಪತ್ರಕ್ಕೆ ಇನ್ನೊಂದು ಸಾಲು ಸೇರಿತ್ತು. ನಾನು ಕೀಲಿಮಣೆ ಮುಟ್ಟಿರಲಿಲ್ಲ. ‘ಇಲ್ಲಿ ಕೂತು ಸಾಕಾಯಿತು. ಹೋಗಲಾ?’

ಆಂಟಿಯ ಮುಖ ಕೆಂಪಾಯಿತು. "ಅವತ್ತು ಹೇಳದೇ ಹೋದವರಿಗೆ ಈಗ ನನ್ನ ಅಪ್ಪಣೆ ಬೇಕಾ? ಬೇಡ ಅಂತ ಬರಿ ಮಗಾ."

"ಆಂಟಿ, ಮೆಷಿನ್ ಆಫ್ ಮಾಡಿದ್ರೆ ಇದೆಲ್ಲ ಅಳಿಸಿ ಹೋಗತ್ತೆ. ಹೋಗ್ಲಿ ಬಿಡಿ ಅವ್ರನ್ನ."

"ಬಿಡುದಿಲ್ಲ. ನೀನು ಬರಿ."

‘ಬೇಡ’ ಎಂದು ಬರೆದೆ. ಹನ್ನೊಂದಕ್ಕೆ ಗುಂಡಿ ಒತ್ತಿದೆ. ಫ್ಯಾನು ನಿಂತಿತು. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು.

ಹೊಸ ಯಂತ್ರ ಆ ಬೆಳಿಗ್ಗೆಯಷ್ಟೇ ಪೆಟ್ಟಿಗೆಯಿಂದ ಹೊರಬಂದದ್ದು. ಹಳೆಯದರಿಂದ ಇನ್ನೂ ಏನನ್ನೂ ತಂದಿರಲಿಲ್ಲ. ಚಾಲೂ ಮಾಡಿ ಪಟ್ಟಿ ತೆಗೆದೆ. 1007ರ ಒಂದು ಪ್ರೋಗ್ರಾಂ. ಶುರುವಾದದ್ದು ಮೂರು ವರ್ಷದ ಹಿಂದೆ, ಅವರು ತೀರಿಕೊಂಡ ದಿನ. ಅದನ್ನು ತೆರೆದೆ.

‘ಸರಿ ಗುಣಾ. ಇರುತ್ತೇನೆ.’

ಆಂಟಿ ಓದಿ ಕಣ್ಣೊರೆಸಿಕೊಂಡರು. ಅದನ್ನು ನಿಲ್ಲಿಸಲು ನಾನು ಕೈ ಚಾಚಿದೆ. ಅವರು ಆ ಕೈಯನ್ನು ಮೆಲ್ಲಗೆ ಹಿಡಿದು ಪಕ್ಕಕ್ಕಿಟ್ಟರು. ನನ್ನ ಕಾಲರ್ ಸರಿಮಾಡಿ, ಬಹಳ ದಿನಗಳ ಮೇಲೆ ಯಾರನ್ನೋ ಕಂಡ ಹಾಗೆ ನನ್ನ ಮುಖವನ್ನೇ ನೋಡಿದರು.

"ಸಂಜೆ ಬೇಗ ಮನೆಗೆ ಬನ್ನಿ. ಪತ್ರೊಡೆ ಮಾಡಿಡ್ತೇನೆ."